ಅಮೆರಿಕನ್ ಸಾಹಿತ್ಯ ಎಲ್ಲಿಂದ ಶುರು ಮಾಡಬೇಕು?

ಅಮೆರಿಕದ ಹೈಸ್ಕೂಲುಗಳಲ್ಲಿ ಹನ್ನೊಂದನೇ ಕ್ಲಾಸು ಅಂದ್ರೆ ಸಾಮಾನ್ಯವಾಗಿ ಅಮೆರಿಕನ್ ಸಾಹಿತ್ಯದ ವರ್ಷ. ಅದನ್ನು ಹೊಸದಾಗಿ ಕಲಿಸಲು ಬಂದವರು, ಮಗಳಿಗೆ ಬೇಸಿಗೆ ರಜೆಯಲ್ಲೇ ಏನಾದರೂ ಓದಿಸೋಣ ಅನ್ನುವ ಇಲ್ಲಿನ ಕನ್ನಡದ ಅಪ್ಪ ಅಮ್ಮಂದಿರು, ಎಲ್ಲರೂ ನನ್ನನ್ನು ಕೇಳೋದು ಈ ಪ್ರಶ್ನೆಯನ್ನೇ.

ಗುಲಾಮನಾಗಿ ಹುಟ್ಟಿ, ಬೆಳೆದ ಮೇಲೆ ತಪ್ಪಿಸಿಕೊಂಡ ಫ್ರೆಡರಿಕ್ ಡಗ್ಲಾಸ್ 1845ರಲ್ಲಿ ಬರೆದ ಆತ್ಮಕಥೆಯಿಂದ ಶುರು ಮಾಡಿ ಅಂತೀನಿ.

ಪಠ್ಯಪುಸ್ತಕಗಳು ಹೆಚ್ಚಾಗಿ ಕಾಲದ ಕ್ರಮ ಹಿಡಿಯುತ್ತವೆ. ಮೊದಲು ಪ್ಯೂರಿಟನ್ನರು, ಅಂದ್ರೆ ಇಂಗ್ಲೆಂಡಿನಿಂದ ಬಂದು ನೆಲೆಸಿದ ಕಟ್ಟುನಿಟ್ಟಿನ ಕ್ರೈಸ್ತರು, ಆಮೇಲೆ ಜೊನಾಥನ್ ಎಡ್ವರ್ಡ್ಸ್ ಅನ್ನುವ ಪಾದ್ರಿ 1741ರಲ್ಲಿ ಮಾಡಿದ, ನರಕದ ಬೆಂಕಿ ಉರಿಯುವ ಪ್ರವಚನ. ಅದು ದೊಡ್ಡ ಬರಹವೇ. ಆದರೆ ವರ್ಷದ ಮೊದಲ ವಾರಗಳಲ್ಲೇ ಅದನ್ನು ಮುಂದಿಟ್ಟರೆ, ಹದಿನಾರರ ಮಕ್ಕಳು ಇದು ನಮಗಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ.

ಡಗ್ಲಾಸ್ ಪುಸ್ತಕ ಚಿಕ್ಕದು, ಹನ್ನೊಂದೇ ಅಧ್ಯಾಯ. ಗುಲಾಮನಾಗಿ ಹುಟ್ಟಿದ ಹುಡುಗನಿಗೆ ಬಾಲ್ಟಿಮೋರಿನ ಯಜಮಾನಿ ಅಕ್ಷರ ಹೇಳಿಕೊಡಲು ಶುರು ಮಾಡುತ್ತಾಳೆ. ಓದು ಬಂದರೆ ಇವನು ಗುಲಾಮನಾಗಿ ಉಳಿಯಲ್ಲ ಅಂತ ಗಂಡ ತಡೆಯುತ್ತಾನೆ. ಹುಡುಗ ಅದನ್ನು ಕೇಳಿಸಿಕೊಳ್ಳುತ್ತಾನೆ. ಅಲ್ಲಿಂದ ಮುಂದೆ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಓದು ಹೇಳಿಸಿಕೊಳ್ಳುತ್ತಾನೆ. ಹಡಗು ಕಟ್ಟುವಲ್ಲಿ ಬಡಗಿಗಳು ಹಡಗಿನ ಎಡಭಾಗದ (ಲಾರ್ಬೋರ್ಡ್) ಮರಕ್ಕೆ 'ಎಲ್', ಬಲಭಾಗದ್ದಕ್ಕೆ (ಸ್ಟಾರ್ಬೋರ್ಡ್) 'ಎಸ್' ಅಂತ ಗುರುತು ಹಾಕುತ್ತಿದ್ದರು, ಅದನ್ನು ನೋಡಿ ಬರೆಯೋದು ಕಲಿಯುತ್ತಾನೆ.

ಏಳನೇ ಅಧ್ಯಾಯದಲ್ಲಿ ನಾನು ಬೇಕಂತಲೇ ನಿಧಾನ ಮಾಡುತ್ತೇನೆ. ಆ ಹುಡುಗರು ಫಿಲ್ಪಾಟ್ ಬೀದಿಯವರು ಅಂತ ಡಗ್ಲಾಸ್ ಹೇಳುತ್ತಾನೆ, ಅವರ ಹೆಸರು ಮಾತ್ರ ಹೇಳೋದಿಲ್ಲ. ಯಜಮಾನರ ಹೆಸರನ್ನೋ, ಬಚ್ಚಿಡದೆ ಬರೆದಿದ್ದಾನೆ. ಯಾಕೆ ಅಂತ ಕ್ಲಾಸನ್ನು ಕೇಳುತ್ತೇನೆ. ಹುಡುಗರಿಗೆ ಮುಜುಗರವಾದೀತು, ಗುಲಾಮರಿಗೆ ಓದು ಕಲಿಸೋದು ಇಲ್ಲಿ ಕ್ಷಮೆಯಿಲ್ಲದ ತಪ್ಪು ಅಂತ ಅವನೇ ಕಾರಣ ಕೊಟ್ಟಿದ್ದಾನೆ. ಮಕ್ಕಳು ಅಷ್ಟಕ್ಕೇ ಬಿಡಲ್ಲ. ಯಜಮಾನನ ಹೆಸರು ಬರೆದರೆ ಇವನೇ ಸಿಕ್ಕಿಬೀಳಲ್ವಾ? ಸಿಕ್ಕಿಬೀಳಬಹುದಿತ್ತು. 1838ರಲ್ಲೇ ತಪ್ಪಿಸಿಕೊಂಡಿದ್ದರೂ ಕಾನೂನಿನ ಲೆಕ್ಕದಲ್ಲಿ ಇನ್ನೂ ಗುಲಾಮ. ಪುಸ್ತಕ ಬಂದ ವರ್ಷವೇ ಸಮುದ್ರ ದಾಟಿ ಐರ್ಲೆಂಡಿಗೆ ಹೋದ. 1846ರಲ್ಲಿ ಬ್ರಿಟನ್ನಿನ ಗೆಳೆಯರು ದುಡ್ಡು ಕೂಡಿಸಿ ಅವನನ್ನು ಬಿಡಿಸಿದರು. ಇಷ್ಟು ತಿಳಿದ ಮೇಲೆ ಮಕ್ಕಳು ಅದೇ ಪುಟಕ್ಕೆ ವಾಪಸ್ ಹೋಗುತ್ತಾರೆ. ನನಗೆ ಬೇಕಾದ್ದೂ ಅದೇ.

ಇದಾದ ಮೇಲೆ ಮಾರ್ಕ್ ಟ್ವೈನ್ 1885ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಕಾದಂಬರಿ ಹಕಲ್‌ಬೆರಿ ಫಿನ್. ಕಪ್ಪು ಜನರನ್ನು ಹೀಯಾಳಿಸುವ ಆ ಪದ ಅದರಲ್ಲಿ ಇನ್ನೂರಕ್ಕೂ ಜಾಸ್ತಿ ಸಲ ಬರುತ್ತದೆ. ನಾನು ಅದನ್ನು ಜೋರಾಗಿ ಓದಲ್ಲ, ಯಾರಿಂದಲೂ ಓದಿಸಲ್ಲ. ತಪ್ಪಿಸಿಕೊಂಡು ಬಂದ ಗುಲಾಮ ಜಿಮ್ ಎಲ್ಲಿದ್ದಾನೆ ಅಂತ ಅವನ ಯಜಮಾನಿಗೆ ತಾನೇ ಬರೆದ ಕಾಗದವನ್ನು ಕಥೆ ಹೇಳುವ ಹುಡುಗ ಹಕ್ ಹರಿದುಹಾಕುವ ಜಾಗ ಬಂದಾಗ, ಸುಮ್ನೆ ಹಕ್‌ನನ್ನು ಮೆಚ್ಚಿ ಮುಂದೆ ಹೋಗೋದು ಸುಲಭ. ಡಗ್ಲಾಸನನ್ನು ಓದಿ ಬಂದವರು, ಅಷ್ಟೊತ್ತಿಗೆ ಸೆರೆಯಲ್ಲಿರುವ ಜಿಮ್ ಏನು ಹೇಳುತ್ತಿದ್ದ ಅಂತ ಕೇಳುತ್ತಾರೆ.

ಎಡ್ವರ್ಡ್ಸ್ ಪ್ರವಚನವನ್ನೂ ನಾನು ಬಿಡೋದಿಲ್ಲ. ಗುಲಾಮರನ್ನಿಟ್ಟುಕೊಂಡವರ ಧರ್ಮವೇ ಬೇರೆ, ಕ್ರಿಸ್ತನ ಧರ್ಮವೇ ಬೇರೆ ಅಂತ ಡಗ್ಲಾಸ್ ಕೊನೆಗೆ ಒಂದು ಅನುಬಂಧ ಬರೆದಿದ್ದಾನೆ. ಅದರ ಪಕ್ಕದಲ್ಲಿಟ್ಟು ಓದಿಸುತ್ತೇನೆ. ಯಾರ ಮಾತಿನ ಏಟು ಜೋರು ಅಂತ ಆಗ ಕ್ಲಾಸಿನಲ್ಲಿ ಒಳ್ಳೆಯ ಜಗಳವೇ ಆಗುತ್ತದೆ.