‘ಕ್ಷಮಿಸಬೇಕಲ್ವಾ ಅಕ್ಕಾ?’ ಎಂದು ಕೇಳುವವರಿಗೆ

‘ಅಕ್ಕಾ, ನಾವು ಕ್ರೈಸ್ತರು. ಕ್ಷಮಿಸಬೇಕು, ತಗ್ಗಿ ನಡೀಬೇಕು. ಹಾಗಿದ್ದಾಗ ಹತ್ತಿರದವರೇ ನನ್ನನ್ನು ಆಟ ಆಡಿಸ್ತಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ?’

ಶಿವಮೊಗ್ಗದಲ್ಲಿ ನಮ್ಮ ಚರ್ಚಿನ ಮಹಿಳಾ ಕೂಟಕ್ಕೆ ಬರುವವರು ಇದನ್ನು ಎಲ್ಲರೆದುರು ಕೇಳುವುದಿಲ್ಲ. ಕೂಟ ಮುಗಿದು ಚಾಪೆ ಸುತ್ತುವಾಗ ಮೆಲ್ಲಗೆ ಕೇಳುತ್ತಾರೆ. ಮದುವೆ ಗೊತ್ತಾದ ಹುಡುಗಿಯರೂ ಕೇಳುತ್ತಾರೆ, ಮೊಮ್ಮಕ್ಕಳನ್ನು ಕಂಡವರೂ ಕೇಳುತ್ತಾರೆ.

ನನ್ನ ಉತ್ತರ ಇಷ್ಟು. ಯಾವುದಾದರೂ ಸಣ್ಣ ವಿಷಯಕ್ಕೆ ‘ಬೇಡ’ ಅಂದು ನೋಡಿ. ಪ್ರೀತಿಸುವವರಿಗೂ ಬೇಜಾರಾಗುತ್ತದೆ, ಸಿಟ್ಟೂ ಬರಬಹುದು. ಆದರೆ ಅದು ಅಲ್ಲಿಗೆ ಮುಗಿಯುತ್ತದೆ. ಆಟ ಆಡಿಸುವವರ ಹತ್ತಿರ ಮುಗಿಯುವುದಿಲ್ಲ. ಮಾತು ಬಿಡುತ್ತಾರೆ, ಊಟ ಬಿಡುತ್ತಾರೆ, ನಿಮ್ಮ ತವರಿನವರನ್ನು ಮಧ್ಯೆ ಎಳೆದು ತರುತ್ತಾರೆ. ಕೊನೆಗೆ ಕ್ಷಮೆ ಕೇಳುವವರು ನೀವೇ ಆಗಿರುತ್ತೀರಿ, ಯಾಕೆ ಅಂತ ನಿಮಗೇ ಗೊತ್ತಿರುವುದಿಲ್ಲ. (ಕೈ ಎತ್ತುವವರ ಮನೆಯಲ್ಲಿ ಈ ಪರೀಕ್ಷೆ ಬೇಡವೇ ಬೇಡ. ಅಲ್ಲಿ ಗೊತ್ತಾಗಬೇಕಾದದ್ದು ಆಗಲೇ ಗೊತ್ತಾಗಿದೆ.)

ತೀರ್ಥಹಳ್ಳಿ ಕಡೆಯ ಒಬ್ಬಾಕೆ ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ತನಕ ಕೂತು ಸುಲಿಯುತ್ತಿದ್ದಳು. ಕೂಲಿಯೆಲ್ಲ ಗಂಡನ ಕೈಗೆ. ಒಮ್ಮೆ ಮಗಳ ಬಸ್ ಪಾಸಿಗೆ ಅಂತ ಸ್ವಲ್ಪ ಇಟ್ಟುಕೊಂಡಳು. ಆತ ಬೈಯಲಿಲ್ಲ, ಹೊಡೆಯಲಿಲ್ಲ. ಬೈಬಲ್ ತಂದು ಅವಳ ಮುಂದೆ ಇಟ್ಟು, ‘ನೀನು ಸರಿಯಾಗಿ ಪ್ರಾರ್ಥನೆ ಮಾಡ್ತಿದ್ರೆ ನನಗೆ ಇಷ್ಟು ನೋವು ಕೊಡ್ತಿರಲಿಲ್ಲ’ ಅಂದನಂತೆ. ಅವಳು ನನ್ನ ಹತ್ತಿರ ಬಂದದ್ದು ಗಂಡನ ಮೇಲೆ ದೂರು ಹೇಳಲು ಅಲ್ಲ, ಪ್ರಾರ್ಥನೆ ಇನ್ನೂ ಜಾಸ್ತಿ ಮಾಡೋದು ಹೇಗೆ ಅಂತ ಕೇಳಲು. ನನಗೆ ಕರುಳು ಕಿವುಚಿದ ಹಾಗಾಯಿತು.

ನಮ್ಮವರಲ್ಲಿ ಇದೇ ಜಾಸ್ತಿ. ದುಡ್ಡಿನ ಲೆಕ್ಕ, ತವರಿಗೆ ಹೋಗೋದು, ಫೋನು, ಎಲ್ಲದಕ್ಕೂ ದೇವರ ಹೆಸರು ಸೇರಿಸುತ್ತಾರೆ. ಬೈಬಲಿನ ವಾಕ್ಯ ಅಂದ ಕೂಡಲೇ ನಾವು ಸುಮ್ಮನಾಗುತ್ತೇವೆ. ಅದಕ್ಕೇ ವಾಕ್ಯವನ್ನು ಪೂರ್ತಿ ಓದಿ ಅನ್ನುತ್ತೇನೆ. ಎಫೆಸದವರ ಪತ್ರದ 5ನೇ ಅಧ್ಯಾಯದಲ್ಲಿ ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಅನ್ನುವ ಮಾತು ಬರುವುದು 22ನೇ ವಚನದಲ್ಲಿ. ಅದಕ್ಕೂ ಮೊದಲು 21ರಲ್ಲಿ ಒಬ್ಬರಿಗೊಬ್ಬರು ಅಧೀನರಾಗಿರಿ ಎಂದಿದೆ. ಕ್ರಿಸ್ತನು ಸಭೆಗಾಗಿ, ಅಂದರೆ ತನ್ನನ್ನು ನಂಬಿದವರಿಗಾಗಿ, ತನ್ನನ್ನೇ ಕೊಟ್ಟ ಹಾಗೆ ಗಂಡ ಹೆಂಡತಿಯನ್ನು ಪ್ರೀತಿಸಬೇಕು ಎಂದು 25ರಲ್ಲಿದೆ.

ಕ್ಷಮೆಯದ್ದೂ ಹಾಗೇ. ಏಳೆಪ್ಪತ್ತು ಸಾರಿ ಕ್ಷಮಿಸು ಅನ್ನೋದು ಮತ್ತಾಯ 18ರಲ್ಲಿದೆ, ನಿಜ. ಅದೇ ಅಧ್ಯಾಯದಲ್ಲಿ, ಅದಕ್ಕಿಂತ ಮೊದಲೇ, ತಪ್ಪು ಮಾಡಿದವನಿಗೆ ತಪ್ಪನ್ನು ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ. ಕ್ಷಮಿಸುವವಳು ಬಾಯಿ ಮುಚ್ಚಿಕೊಂಡಿರಬೇಕು ಅಂತ ಅಲ್ಲಿಲ್ಲ.

ಗಂಡಸರು ಮಾತ್ರ ಹೀಗೆ ಅಂತಲ್ಲ. ಬೈಬಲಿನಲ್ಲಿ ನ್ಯಾಯಸ್ಥಾಪಕರು 16 ತೆಗೆದು ನೋಡಿ. ಸಂಸೋನನ ಬಲದ ಗುಟ್ಟು ತಿಳಿಯಲು ಅವನು ಪ್ರೀತಿಸಿದ ದೆಲೀಲಾ ಮಾಡಿದ್ದು ಇದನ್ನೇ. ‘ನಿನ್ನ ಮನಸ್ಸೇ ನನ್ನ ಮೇಲಿಲ್ಲ, ಪ್ರೀತಿಸ್ತೀನಿ ಅಂತ ಹೇಗೆ ಹೇಳ್ತೀಯ’ ಅಂತ ದಿನಾ ಕಾಡಿ, ಅವನಿಗೆ ಸತ್ತರೆ ಸಾಕು ಅನ್ನಿಸಿಬಿಟ್ಟಳು. ‘ಪ್ರೀತಿ ಇದ್ರೆ ಪಾಸ್‌ವರ್ಡ್ ಕೊಡು’ ಅನ್ನುವ ಹುಡುಗನ ಮಾತೂ ಇದೇ ಅಲ್ವಾ? ಅತ್ತೆ, ಅಮ್ಮ, ಗೆಳತಿ, ಯಾರ ಬಾಯಲ್ಲೂ ಈ ಮಾತು ಬರಬಹುದು.

ಕಾನೂನಿಗೂ ಇದು ಗೊತ್ತಿದೆ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ಪ್ರಕಾರ ಹೀಯಾಳಿಸಿ ಮನಸ್ಸು ನೋಯಿಸೋದು, ದುಡಿದ ದುಡ್ಡು ಕಿತ್ತುಕೊಳ್ಳೋದೂ ಹಿಂಸೆಯೇ. ಎಲ್ಲ ಧರ್ಮದ ಹೆಂಗಸರಿಗೂ ಅದು ಅನ್ವಯಿಸುತ್ತದೆ. ದೂರು ಕೊಟ್ಟರೆ ಮದುವೆ ಮುರಿಯಿತು ಅಂತೇನೂ ಅಲ್ಲ. ಮಹಿಳಾ ಸಹಾಯವಾಣಿ 181. ಜಿಲ್ಲಾ ಕೇಂದ್ರದಲ್ಲಿ ನೊಂದ ಹೆಂಗಸರಿಗೆ ನೆರವಾಗುವ ‘ಸಖಿ’ ಕೇಂದ್ರವೂ ಇದೆ.

ಫಾದರ್ ಹತ್ತಿರವೋ ಪಾಸ್ಟರ್ ಹತ್ತಿರವೋ ಹೋದರೆ ‘ಹೊಂದಿಕೊಂಡು ಹೋಗಮ್ಮಾ’ ಅಂದು ಕಳಿಸಬಹುದು. ಕಳಿಸಿದರೆ ಮತ್ತೆ ಹೋಗಿ. ಒಬ್ಬರೇ ಹೋಗಬೇಡಿ, ನಂಬಿಕೆಯ ಒಬ್ಬ ಹೆಂಗಸನ್ನು ಕರೆದುಕೊಂಡು ಹೋಗಿ. ಯಾವ ದಿನ ಏನಾಯಿತು, ಯಾವ ಮಾತು ಬಂತು ಅಂತ ಬರೆದಿಟ್ಟುಕೊಳ್ಳಿ. ‘ನಾನು ಹಾಗೆ ಅಂದೇ ಇಲ್ಲ’ ಅಂತ ಆಟ ಆಡಿಸುವವರು ಪದೇ ಪದೇ ಹೇಳಿದರೆ ನಿಮ್ಮ ನೆನಪಿನ ಮೇಲೆ ನಿಮಗೇ ಅನುಮಾನ ಬರುತ್ತದೆ, ಆಗ ಅದು ಬೇಕಾಗುತ್ತದೆ. ಬರೆದದ್ದನ್ನು ಮನೆಯಲ್ಲಿ ಇಡಬೇಡಿ.