ವಿಜಯಪುರದಿಂದ ಎಡಿನ್‌ಬರೋಗೆ: ಯಾವ ತಿಂಗಳು ಹೋಗಬೇಕು, ಬ್ಯಾಗಿನಲ್ಲಿ ಏನಿರಬೇಕು

ನಮ್ಮ ಕಡೆಯ ಮಕ್ಕಳು ಓದಲು, ನೌಕರಿಗೆ ಅಂತ ಸ್ಕಾಟ್ಲೆಂಡಿಗೆ ಹೋಗುವುದು ಈಗ ಹೊಸದೇನಲ್ಲ. ಅವರ ಹಿಂದೆಯೇ ಅಪ್ಪ-ಅವ್ವನ ವೀಸಾ, ಟಿಕೆಟ್ಟು, ಆಮೇಲೆ ಅದೇ ಪ್ರಶ್ನೆ: ಅಲ್ಲಿ ಥಂಡಿ ಎಷ್ಟು, ಏನೇನು ಒಯ್ಯಬೇಕು? ಅಪ್ಪ-ಅವ್ವನನ್ನು ಕರೆದುಕೊಂಡು ಎಡಿನ್‌ಬರೋದಲ್ಲಿರುವ ತಂಗಿಯ ಮನೆಗೆ ಹೋಗಿ ಬಂದ ಮೇಲೆ ವಿಜಯಪುರದಲ್ಲಿ ನೆಂಟರು, ಓಣಿಯವರು ಎಲ್ಲರೂ ಕೇಳಿದ್ದು ಇದನ್ನೇ. ನಾನು ಹೇಳಿದ್ದೂ ಒಂದೇ ಮಾತು. ಥಂಡಿಗೆ ಅಷ್ಟೇನೂ ಹೆದರಬೇಡಿ, ಗಾಳಿಗೆ ತಯಾರಾಗಿ ಹೋಗಿ.

ಭೂಪಟದಲ್ಲಿ ಎಡಿನ್‌ಬರೋ ಮಾಸ್ಕೋಗಿಂತ ಒಂಚೂರು ಮೇಲೆಯೇ ಇದೆ. ಆದರೆ ಅಟ್ಲಾಂಟಿಕ್ ಕಡೆಯಿಂದ ಬರುವ ಗಾಳಿ ಸಮುದ್ರದ ಬಿಸುಪು ಹೊತ್ತು ತರುವುದರಿಂದ ಮಾಸ್ಕೋದ ಚಳಿ ಅಲ್ಲಿಲ್ಲ. ಜನವರಿಯಲ್ಲಿ ಹಗಲು ಸುಮಾರು 7 ಡಿಗ್ರಿ, ರಾತ್ರಿ 1-2 ಡಿಗ್ರಿ. ಜುಲೈನಲ್ಲಿ ಹಗಲು 19, ರಾತ್ರಿ 11ರ ಆಸುಪಾಸು. ಅಂದರೆ ಅವರ ನಡುಬೇಸಿಗೆಯ ರಾತ್ರಿ ನಮ್ಮ ಎಳ್ಳಮವಾಸ್ಯೆ ಹೊತ್ತಿನ ನಸುಕಿನ ಹಾಗೆ. ಊರೊಳಗೆ ಹಿಮ ಬೀಳುತ್ತದೆ, ಆದರೆ ಸಿನಿಮಾದಲ್ಲಿ ನೋಡಿದಷ್ಟಲ್ಲ.

ಮಳೆಯ ಲೆಕ್ಕ ನೋಡಿದರೆ ಯಾರಿಗಾದರೂ ನಗು ಬರುತ್ತದೆ. ನಮ್ಮ ವಿಜಯಪುರಕ್ಕೆ ವರ್ಷಕ್ಕೆ ಸುಮಾರು 600 ಮಿ.ಮೀ. ಅಲ್ಲಿ 700ರ ಆಸುಪಾಸು. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ನಮ್ಮದು ಮುಂಗಾರಿನ ಕೆಲವು ತಿಂಗಳಲ್ಲಿ ಧೋ ಅಂತ ಸುರಿದು ಮುಗಿಯುತ್ತದೆ. ಅವರದು ಹನ್ನೆರಡೂ ತಿಂಗಳು ಹಂಚಿಕೊಂಡು, ವರ್ಷದಲ್ಲಿ 120ಕ್ಕೂ ಜಾಸ್ತಿ ದಿನ ಜಿಟಿಜಿಟಿ ಅನ್ನುತ್ತದೆ. ಬೆಳಗಾವಿಯವರು "ನಮಗೇನು ಮಳೆ ಹೊಸದಾ" ಅನ್ನುತ್ತಾರೆ. ಅವರ ಊರಿನಲ್ಲಿ ಇದಕ್ಕಿಂತ ಎಷ್ಟೋ ಜಾಸ್ತಿ ಬೀಳುವುದು ನಿಜ. ಆದರೆ ಎಡಿನ್‌ಬರೋದ ಮಳೆ ಮೇಲಿಂದ ಬರುವುದಿಲ್ಲ, ಅಡ್ಡಡ್ಡ ಬರುತ್ತದೆ. ಕೊಡೆ ಬಿಚ್ಚಿದ ಕೂಡಲೇ ಮಗುಚಿ ಕಡ್ಡಿ ಮುರಿಯುತ್ತದೆ. ಗಾಳಿಯ ದಿನ ಬಸ್‌ಸ್ಟಾಪಿನ ಕಸದ ಡಬ್ಬಿಗಳಲ್ಲಿ ಮುರಿದ ಕೊಡೆಗಳದ್ದೇ ರಾಶಿ. ಕೊಡೆಯ ಜಾಗದಲ್ಲಿ ಟೋಪಿ ಇರುವ ರೇನ್ ಜಾಕೆಟ್ ಇಟ್ಟುಕೊಳ್ಳಿ. ಅದರ ಟೋಪಿಗೆ ದಾರ ಇರಬೇಕು, ಎಳೆದು ಬಿಗಿ ಮಾಡುವಂತಿರಬೇಕು. ಇಲ್ಲದಿದ್ದರೆ ಗಾಳಿ ಅದನ್ನೂ ಹಿಂದಕ್ಕೆ ತಳ್ಳುತ್ತದೆ.

ಈಗ ತಿಂಗಳ ಮಾತು. ನಮ್ಮಲ್ಲಿ ಮಕ್ಕಳಿಗೆ ಏಪ್ರಿಲ್-ಮೇ ಸೂಟಿ, ಇಲ್ಲಿ ಬಿಸಿಲು 40 ದಾಟಿರುತ್ತದೆ, ಹಾಗಾಗಿ ಎಲ್ಲರೂ ಏಪ್ರಿಲ್ ಅನ್ನುತ್ತಾರೆ. ಏಪ್ರಿಲ್‌ನಲ್ಲಿ ಅಲ್ಲಿ ಮಳೆ ಕಡಿಮೆಯೇ. ಆದರೆ ಹಗಲು 11-12 ಡಿಗ್ರಿ, ರಾತ್ರಿ 4. ನಲವತ್ತರ ಬಿಸಿಲಿನಿಂದ ಎದ್ದು ಹೋದ ಮೈಗೆ ಮೊದಲ ವಾರ ಕಷ್ಟ. ವಯಸ್ಸಾದವರು ಜೊತೆಗಿದ್ದರೆ ಮೇ ಎರಡನೇ ಅರ್ಧದಿಂದ ಜೂನ್ ಕೊನೆಯವರೆಗೆ ಹೋಗಿ, ಇದಕ್ಕಿಂತ ಒಳ್ಳೆ ಸಮಯ ನನಗೆ ಕಾಣುವುದಿಲ್ಲ. ಆಗಸ್ಟ್ ಬೆಚ್ಚಗಿರುತ್ತದೆ, ಆದರೆ 1947ರಿಂದ ನಡೆಯುತ್ತಿರುವ ದೊಡ್ಡ ಕಲಾ ಉತ್ಸವ ಆಗಲೇ. ಊರು ಕಿಕ್ಕಿರಿದು, ಹೋಟೆಲ್ ರೂಮಿನ ದರ ಆಕಾಶಕ್ಕೆ ಏರಿರುತ್ತದೆ. ನಾಟಕ, ಹಾಡು ಇಷ್ಟ ಇದ್ದವರು ಮಾತ್ರ ಆಗ ಹೋಗಿ. ಸೆಪ್ಟೆಂಬರ್ ಮೊದಲ ಭಾಗವೂ ಚೆನ್ನಾಗಿರುತ್ತದೆ. ಡಿಸೆಂಬರ್‌ನಲ್ಲಿ ದೀಪಾಲಂಕಾರ ಚೆಂದ, ಆದರೆ ಮಧ್ಯಾಹ್ನ ಮೂರೂ ಮುಕ್ಕಾಲಿನೊಳಗೆ ಹೊತ್ತು ಮುಳುಗುತ್ತದೆ. ಬೆಳಿಗ್ಗೆ ಬೆಳಕಾಗುವುದು ಎಂಟೂವರೆಯ ಮೇಲೆ. ಮುದುಕರನ್ನು ಆ ಕತ್ತಲಲ್ಲಿ ಮನೆಯಲ್ಲಿ ಕೂಡಿಸಲು ಅಷ್ಟು ದುಡ್ಡು ಕೊಟ್ಟು ಕರೆದೊಯ್ಯಬೇಕಾ?

ಜೂನ್‌ನಲ್ಲಿ ಪೂರಾ ಉಲ್ಟಾ. ರಾತ್ರಿ ಹತ್ತಕ್ಕೆ ಸೂರ್ಯ ಮುಳುಗಿ ನಸುಕಿನ ನಾಲ್ಕೂವರೆಗೆ ಮತ್ತೆ ಹಾಜರ್. ಅವ್ವ ಕಿಟಕಿಯ ಹತ್ತಿರ ನಿಂತು, "ಒಂಬತ್ತ ಹೊಡದೈತಿ, ಇನ್ನಾ ಹೊತ್ತ ಮುಣುಗಿಲ್ಲಲ್ಲ. ದೀಪ ಯಾವಾಗ ಹಚ್ಚಲಿ?" ಅಂದಳು. ಕೊನೆಗೆ ಗಡಿಯಾರ ನೋಡಿ ಏಳಕ್ಕೆ ಹಚ್ಚಲು ಶುರು ಮಾಡಿದಳು. ಬಿಪಿ, ಸಕ್ಕರೆ ಮಾತ್ರೆ ತಗೊಳ್ಳುವವರಿಗೂ ಅದೇ ದಾರಿ, ಬೆಳಕು ನೋಡಬೇಡಿ, ಗಡಿಯಾರ ನೋಡಿ. ಬೇಸಿಗೆಯಲ್ಲಿ ಅವರು ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ ಗಂಟೆ. ನಿದ್ದೆಗೆ ಕಣ್ಣುಪಟ್ಟಿ ಒಯ್ಯಿರಿ. ಗ್ರಾಂ ತೂಕದ ವಸ್ತು, ಉಪಕಾರ ಮಾತ್ರ ದೊಡ್ಡದು.

ಬಟ್ಟೆಯ ವಿಷಯದಲ್ಲಿ ನಮ್ಮವರ ಮೊದಲ ಯೋಚನೆ ದಪ್ಪ ಸ್ವೆಟರ್. ಹೆಣೆದ ಸ್ವೆಟರ್ ಒಳಗೆ ಗಾಳಿ ಸಲೀಸಾಗಿ ನುಗ್ಗುತ್ತದೆ. ಬಸ್ಸು, ಅಂಗಡಿ, ಮನೆ ಎಲ್ಲ ಕಡೆ ಹೀಟರ್ ಇರುವುದರಿಂದ ಒಳಗೆ ಹೋದರೆ ಬೆವರುತ್ತೀರಿ. ಮೂರು ತೆಳು ಪದರು ಬೇಕು. ಮೈಗೆ ಅಂಟುವ ಥರ್ಮಲ್, ಅದರ ಮೇಲೆ ತೆಳು ಉಣ್ಣೆಯ ಅಥವಾ ಫ್ಲೀಸ್ ಅಂಗಿ, ಮೇಲೆ ಗಾಳಿ-ನೀರು ತಡೆಯುವ ಜಾಕೆಟ್. ಬೇಕಾದಾಗ ಒಂದೊಂದೇ ಕಳಚಬಹುದು. ಜಾಕೆಟ್ ಕೊಳ್ಳುವಾಗ ಒಂದು ಲೋಟ ನೀರು ಸುರಿದು ನೋಡಿ. ತುಂತುರು ತಡೆಯುವುದು ಬೇರೆ, ಒಂದು ಗಂಟೆ ಮಳೆ ತಡೆಯುವುದು ಬೇರೆ.

ಸೀರೆ ಉಡುವವರಿಗೆ ಯಾರೂ ಸರಿಯಾಗಿ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅವ್ವ ಇಳಕಲ್ ಸೀರೆ ಬಿಟ್ಟು ಬೇರೆ ಉಡುವವಳಲ್ಲ. ಲಂಗದ ಒಳಗೆ ಉಣ್ಣೆ ಮಿಶ್ರಿತ ಥರ್ಮಲ್ ಲೆಗ್ಗಿಂಗ್ಸ್, ಕುಪ್ಪಸದ ಒಳಗೆ ಅದೇ ಬಣ್ಣದ ತುಂಬುತೋಳಿನ ಥರ್ಮಲ್. ಸೀರೆ ಪಾದ ಮುಚ್ಚುವಷ್ಟು ಇಳಿಬಿಡದೆ ಕಣಕಾಲಿನವರೆಗೆ ಮೇಲೆ ಉಡಿಸಿದೆವು. ಇಲ್ಲದಿದ್ದರೆ ಅಂಚು ರಸ್ತೆಯ ನೀರು ಹೀರಿಕೊಂಡು ಮೊಣಕಾಲಿನವರೆಗೆ ತಣ್ಣಗಾಗುತ್ತದೆ. ತಲೆಯ ಮೇಲೆ ಸೆರಗು ಬೇಕೇ ಬೇಕು ಅನ್ನುವವರು ಮೊದಲು ತೆಳು ಉಣ್ಣೆ ಟೋಪಿ ಹಾಕಿ, ಅದರ ಮೇಲೆ ಸೆರಗು ಹೊದ್ದು, ಎರಡೂ ಕಡೆ ಪಿನ್ ಹಾಕಲಿ. ಜಾಕೆಟ್ ತೊಡೆ ಮುಚ್ಚುವಷ್ಟು ಉದ್ದ ಇರಲಿ. ಹತ್ತಿ ಸೀರೆ ಅಲ್ಲಿ ಒಣಗಲು ಎರಡು ದಿನ ಬೇಕು, ಬೇಗ ಒಣಗುವ ಸೀರೆಗಳನ್ನೇ ಜಾಸ್ತಿ ಇಡಿ. ಗಂಡಸರು ಧೋತರದ ಒಳಗೆ ಥರ್ಮಲ್ ಪ್ಯಾಂಟ್ ಹಾಕಿದರೆ ಮನೆ ಮಟ್ಟಿಗೆ ನಡೆಯುತ್ತದೆ, ಗುಡ್ಡದ ಮೇಲೆ ನಡೆಯಲ್ಲ. ಗಾಂಧಿ ಟೋಪಿಯೂ ಆ ಗಾಳಿಗೆ ನಿಲ್ಲಲ್ಲ.

ಅವ್ವ ಸೂಟ್‌ಕೇಸಿನಲ್ಲಿ ಕೌದಿ ಮಡಚಿ ಇಟ್ಟಿದ್ದಳು. ತೂಗಿದರೆ ಅದೊಂದೇ ನಾಲ್ಕು ಕಿಲೋ. ಮನೆಯಲ್ಲಿ ಹೀಟರ್ ಇರುತ್ತದೆ, ಕೌದಿ ಬೇಡ ಅಂತ ಒಪ್ಪಿಸಲು ತಂಗಿ ವಿಡಿಯೊ ಕಾಲ್‌ನಲ್ಲಿ ಬರಬೇಕಾಯಿತು. ಇನ್ನೊಂದು, ಅಲ್ಲಿನ ಹಳೇ ಕಲ್ಲಿನ ಕಟ್ಟಡಗಳಲ್ಲಿ ಬಹುಪಾಲು ಲಿಫ್ಟ್ ಇರುವುದಿಲ್ಲ. ಒಂದು ದೊಡ್ಡ ಸೂಟ್‌ಕೇಸಿಗಿಂತ ಎರಡು ಸಣ್ಣವು ಮೆಟ್ಟಿಲು ಹತ್ತಿಸಲು ಸುಲಭ.

ಚಪ್ಪಲಿ ಮನೆಯೊಳಗೆ ಮಾತ್ರ. ಹಳೇ ಊರಿನ ರಸ್ತೆಗಳಿಗೆ ಕಲ್ಲು ಹಾಸಿದ್ದಾರೆ, ಓಣಿಗಳು ಕಡಿದಾದ ಇಳಿಜಾರು, ಒದ್ದೆಯಾದರೆ ಜಾರುತ್ತದೆ. ಚಳಿಗಾಲದ ಬೆಳಿಗ್ಗೆ ಆ ಕಲ್ಲಿನ ಮೇಲೆ ಕಣ್ಣಿಗೆ ಕಾಣದ ಮಂಜುಗಡ್ಡೆ ಕೂತಿರುತ್ತದೆ. ತಳ ಒರಟಾಗಿರುವ ಬೂಟು ತಗೊಂಡು ಇಲ್ಲೇ ಊರಲ್ಲಿ ಎರಡು ವಾರ ಹಾಕಿ ಕಾಲಿಗೆ ಹೊಂದಿಸಿಕೊಳ್ಳಿ. ಎರಡು ಜೊತೆ ಬೇಕು, ಯಾಕೆಂದರೆ ಒಂದು ಒದ್ದೆಯಾದರೆ ಮರುದಿನಕ್ಕೆ ಒಣಗುವುದಿಲ್ಲ. ಒಳಗೆ ಹಳೇ ಪೇಪರ್ ತುರುಕಿ ಹೀಟರ್ ಹತ್ತಿರ ಇಡಿ, ಮೇಲೆ ಇಡಬೇಡಿ, ಅಂಟು ಬಿಡುತ್ತದೆ.

ಸಮುದ್ರ ನೋಡಲು ಪೋರ್ಟೊಬೆಲ್ಲೊ ಬೀಚಿಗೆ ಹೋಗುತ್ತೀರಿ, ಊರಿನ ಬಸ್ಸೇ ಹೋಗುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪೂರ್ವದ ಗಾಳಿ ಬೀಸಿದರೆ ತಣ್ಣನೆಯ ಉತ್ತರ ಸಮುದ್ರದಿಂದ ದಟ್ಟ ಮಂಜು ಒಳಗೆ ಬರುತ್ತದೆ. ಅಲ್ಲಿನವರು ಇದನ್ನು ಹಾರ್ ಅನ್ನುತ್ತಾರೆ. ನಾವು ಮನೆ ಬಿಟ್ಟಾಗ ಬಿಸಿಲಿತ್ತು, ಜಾಕೆಟ್ ಕೈಯಲ್ಲಿ ಹಿಡಿದಿದ್ದೆವು. ಬೀಚಿಗೆ ಇಳಿದಾಗ ನೀರು ಎಲ್ಲಿ ಶುರು ಅನ್ನುವುದೇ ಕಾಣಲಿಲ್ಲ, ಅಪ್ಪನ ಕನ್ನಡಕದ ಮೇಲೆ ಹನಿ ಕೂತಿತ್ತು. ಅರ್ಧ ಗಂಟೆಯ ದಾರಿಯಲ್ಲಿ ಹವಾಮಾನ ಹೀಗೆ ಬದಲಾಗುತ್ತದೆ. ಬೆಳಿಗ್ಗೆ ಮೆಟ್ ಆಫೀಸ್ ಆ್ಯಪ್‌ನಲ್ಲಿ ಗಂಟೆ ಗಂಟೆಯ ಮುನ್ಸೂಚನೆ ನೋಡಿ, ಅದರಲ್ಲೂ ಗಾಳಿಯ ವೇಗ ನೋಡಿ. ಬಿಸಿಲಿದ್ದರೂ ಜಾಕೆಟ್ ಜೊತೆಗಿರಲಿ.

ಕೋಟೆ ಇರುವುದು ಎತ್ತರದ ಬಂಡೆಯ ಮೇಲೆ, ಗಾಳಿಗೆ ಅಡ್ಡ ಏನೂ ಇಲ್ಲ. ಭಾನುವಾರ ಬಿಟ್ಟು ದಿನಾ ಮಧ್ಯಾಹ್ನ ಒಂದಕ್ಕೆ ತೋಪು ಹಾರಿಸುತ್ತಾರೆ, 1861ರಿಂದ ಇರುವ ಪದ್ಧತಿ. ಅದನ್ನು ನೋಡಲು ಜನ ಮುಂಚೆಯೇ ಬಂದು ನಿಲ್ಲುತ್ತಾರೆ, ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ಮಲಿಕ್-ಎ-ಮೈದಾನ್ ಊರಿನವರು ನಾವು, ಅಲ್ಲಿನ ಮಾನ್ಸ್ ಮೆಗ್ ಅನ್ನುವ ದೊಡ್ಡ ತೋಪನ್ನು ನೋಡದೆ ಬರುತ್ತೇವಾ? ಅದು 1449ರದ್ದು, ನಮ್ಮದು ಎರಕವಾಗಿದ್ದು 1549ರಲ್ಲಿ. ಅಪ್ಪ ಬಾಯಿಯ ಅಗಲವನ್ನು ಗೇಣಿನ ಅಂದಾಜಿನಲ್ಲಿ ಅಳೆದು, "ನಮ್ಮದ ದೊಡ್ಡದು" ಅಂತ ತೀರ್ಪು ಕೊಟ್ಟರು. ಅಷ್ಟು ಹೊತ್ತು ಅಲ್ಲಿ ನಿಲ್ಲಲು ಕೈಗವಸು ಬೇಕಾಯಿತು, ಅದೂ ಮೇ ತಿಂಗಳಲ್ಲಿ.

ಚಿಲ್ಲರೆ ಸಾಮಾನು. ತುಟಿಗೆ ವ್ಯಾಸಲೀನ್, ಹೀಟರ್ ಗಾಳಿಗೆ ಚರ್ಮ ಒಡೆಯುತ್ತದೆ. ಕೊಬ್ಬರಿ ಎಣ್ಣೆ 24 ಡಿಗ್ರಿ ಕೆಳಗೆ ಗಟ್ಟಿಯಾಗುತ್ತದೆ, ಅಲ್ಲಿ ಬಹುಪಾಲು ಗಟ್ಟಿಯಾಗೇ ಇರುತ್ತದೆ. ಬಾಟಲಿ ಬಿಟ್ಟು ಅಗಲ ಬಾಯಿಯ ಡಬ್ಬಿಯಲ್ಲಿ ಒಯ್ಯಿರಿ. ಚೌಕ ಮೂರು ಕಡ್ಡಿಯ ಪ್ಲಗ್‌ಗೆ ಅಡಾಪ್ಟರ್. ಮಾತ್ರೆಗಳ ಜೊತೆ ಡಾಕ್ಟರ ಚೀಟಿ, ಎರಡೂ ಕೈಚೀಲದಲ್ಲೇ. ಬೇಸಿಗೆಯಲ್ಲಿ ಹೈಲ್ಯಾಂಡ್ಸ್ ಗುಡ್ಡಗಳ ಕಡೆ ಹೋಗುವುದಿದ್ದರೆ ಅಲ್ಲಿ ನುಸಿ ಕಾಟ, ಮೈಗೆ ಹಚ್ಚುವ ಔಷಧಿ ಬೇಕು.

ತಿನ್ನುವುದರಲ್ಲಿ ಹುಷಾರು. ಭಾರತದಿಂದ ಬ್ರಿಟನ್‌ಗೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಬೆಳಗಾವಿ ಕುಂದಾ, ಧಾರವಾಡ ಪೇಡೆ, ಮನೆಯ ತುಪ್ಪ ಎಲ್ಲ ಇದರೊಳಗೆ ಬಂತು. ನಿಯಮ ಆಗಾಗ ಬದಲಾಗುತ್ತದೆ, ಹೊರಡುವ ಮೊದಲು ಅಲ್ಲಿನ ಸರ್ಕಾರದ ವೆಬ್‌ಸೈಟ್ ನೋಡಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದರೆ ಸಾಕು. ಲೀತ್ ವಾಕ್ ರಸ್ತೆಯಲ್ಲಿ ನಮ್ಮ ಕಡೆಯ ಕಿರಾಣಿ ಸಿಗುವ ಅಂಗಡಿಗಳಿವೆ.

ಎಲ್ಲವನ್ನೂ ಇಲ್ಲೇ ಕೊಳ್ಳಬೇಕಾಗಿಲ್ಲ. ಥರ್ಮಲ್, ಕಾಲುಚೀಲ ಇಲ್ಲಿಂದ ಒಯ್ಯಿರಿ. ಟೋಪಿ, ಕೈಗವಸು ಪ್ರಿನ್ಸಸ್ ಸ್ಟ್ರೀಟ್‌ನ ಪ್ರೈಮಾರ್ಕ್‌ನಲ್ಲಿ ಅಗ್ಗ. ಒಳ್ಳೆ ಜಾಕೆಟ್ ಬೇಕಾದರೆ ಸ್ಟಾಕ್‌ಬ್ರಿಜ್ ಕಡೆ ದಾನದ ಸಂಸ್ಥೆಗಳು ನಡೆಸುವ ಹಳೇ ಬಟ್ಟೆಯ ಅಂಗಡಿಗಳಿವೆ. ಬಳಸಿದ ಬಟ್ಟೆ ಅಂತ ಮೂಗು ಮುರಿಯಬೇಡಿ, ಅಲ್ಲಿನವರೂ ಕೊಳ್ಳುತ್ತಾರೆ. ಆದರೆ ವಿಮಾನ ಇಳಿದ ಕೂಡಲೇ ಹಾಕಿಕೊಳ್ಳಲು ಒಂದು ಜಾಕೆಟ್ ಕೈಯಲ್ಲೇ ಇರಲಿ, ಸೂಟ್‌ಕೇಸ್ ಬರುವುದು ತಡವಾಗಬಹುದು.

ವಾಪಸ್ ಬರುವಾಗ ಕೈಚೀಲದಲ್ಲಿ ಒಂದು ಜೊತೆ ಹತ್ತಿ ಬಟ್ಟೆ ಇಟ್ಟುಕೊಂಡು ವಿಮಾನದಲ್ಲೇ ಥರ್ಮಲ್ ಬದಲಾಯಿಸಿ. ಮೇ-ಜೂನ್‌ನಲ್ಲಿ ಮುಂಬೈ ವಿಮಾನ ನಿಲ್ದಾಣದ ಬಾಗಿಲು ದಾಟಿದರೆ ಸೆಖೆ, ಆಮೇಲೆ ಊರು ಮುಟ್ಟಲು ರಾತ್ರಿಯಿಡೀ ಪ್ರಯಾಣ ಇರುತ್ತದೆ.