ಅಡಿಕೆ ಅಂಗಳದ ಕ್ಯಾಮೆರಾ: ಜೇಡದ ಕಾಟ ಮುಗಿಯಿತು

ಕೊನೆಗೂ ಆಯಿತು. ಸಾಗರದ ಮನೆಯ ಅಂಗಳದ ಕ್ಯಾಮೆರಾ ರಾತ್ರಿಯಿಡೀ ಒಂದೂ ಸುಳ್ಳು ಅಲಾರಂ ಕೊಡಲಿಲ್ಲ. ಬೆಳಗಿನ ಜಾವ ಕೊಟ್ಟಿಗೆಗೆ ಹೊರಟ ಆಯಿಯನ್ನು ಮಾತ್ರ ಮನುಷ್ಯ ಎಂದು ಗುರುತಿಸಿತು. ಬೆಂಗಳೂರಲ್ಲಿ ಕೂತು ಆ ಒಂದೇ ಒಂದು ನೋಟಿಫಿಕೇಷನ್ ನೋಡಿ ಆದ ಖುಷಿ ಇಷ್ಟಿಷ್ಟಲ್ಲ!

ಕೇಬಲ್ ಎಳೆದದ್ದು, ಅದೇ ಕೇಬಲಿನಲ್ಲಿ ಕ್ಯಾಮೆರಾಗೆ ಕರೆಂಟೂ ಕೊಡುವ ಪಿಒಇ ಸ್ವಿಚ್ ಕೂರಿಸಿದ್ದು, ಸೆಕೆಂಡ್ ಹ್ಯಾಂಡ್ ಮಿನಿ ಪಿಸಿಗೆ ಹೋಮ್ ಅಸಿಸ್ಟೆಂಟ್ (ಮನೆಯ ಸಾಧನಗಳನ್ನು ನಡೆಸುವ ಸಾಫ್ಟ್‌ವೇರ್), ಫ್ರಿಗೇಟ್ (ಕ್ಯಾಮೆರಾ ಚಿತ್ರದಲ್ಲಿ ಯಾರಿದ್ದಾರೆ ಅಂತ ಗುರುತಿಸುವ ಸಾಫ್ಟ್‌ವೇರ್), ಆ ಗುರುತಿಸುವಿಕೆಯನ್ನು ಚುರುಕು ಮಾಡುವ ಓಪನ್‌ವಿನೊ ಹಾಕಿದ್ದು, ಇದರ ವಿವರಕ್ಕೆಲ್ಲ ಈಗ ಹೋಗಲ್ಲ. ಈ ಸಲದ ಬರಹ ಪೂರ್ತಿ, ಲೆನ್ಸ್ ಮುಂದೆ ಬಲೆ ಕಟ್ಟಿ ಸುಳ್ಳು ಅಲಾರಂ ಹೊಡೆಸುತ್ತಿದ್ದ ಜೇಡದ ಮೇಲೆ.

ಕೊನೆ ಕೊಯ್ಲು ಶುರುವಾದರೆ ನಮ್ಮ ಕಡೆ ಅಂಗಳದ ತುಂಬ ಅಡಿಕೆ. ವಾರಗಟ್ಟಲೆ ಒಣಗಬೇಕು. ಒಂದು ಚೀಲ ಹೋದರೂ ವರ್ಷದ ಲೆಕ್ಕ ತಪ್ಪುತ್ತದೆ. ಮನೆಯಲ್ಲಿರೋದು ಅಪ್ಪಯ್ಯ, ಆಯಿ ಇಬ್ಬರೇ. ಹಿಂದೆ ಅಂಗಳದಲ್ಲೇ ಯಾರಾದರೂ ಮಲಗುತ್ತಿದ್ದರು. ಈಗ ಮಲಗುವ ವಯಸ್ಸಿನವರೆಲ್ಲ ನನ್ನ ಹಾಗೆ ಊರು ಬಿಟ್ಟಿದ್ದಾರೆ.

ಮೊದಲು ಇದ್ದದ್ದು ಮೈಶಾಖದಿಂದ ಓಡಾಟ ಹಿಡಿಯುವ ಪಿಐಆರ್ ಸೆನ್ಸರ್, ಎಚ್‌ಸಿ-ಎಸ್‌ಆರ್501 ಅನ್ನೋ ಮಾದರಿ. ಅದರೊಳಗೆ ಎರಡು ಭಾಗದ ಒಂದು ತುಣುಕು. ಎರಡಕ್ಕೂ ಬೀಳುವ ಶಾಖದಲ್ಲಿ ವ್ಯತ್ಯಾಸ ಬಂದರೆ ಸಿಗ್ನಲ್ ಕೊಡುತ್ತದೆ. ಯಾರು ಬಂದರು ಅನ್ನೋದು ಅದಕ್ಕೆ ಬೇಡ. ನಾಯಿ ಬಂದರೂ ಅಷ್ಟೆ, ಬೆಕ್ಕು ಬಂದರೂ ಅಷ್ಟೆ. ಸಾಲದ್ದಕ್ಕೆ ಇಎಸ್‌ಪಿ8266 (ವೈಫೈ ಇರುವ ಪುಟ್ಟ ಬೋರ್ಡು) ಹತ್ತಿರ ಇಟ್ಟರೆ ವೈಫೈ ಆಂಟೆನಾದಿಂದಲೇ ಬೆಚ್ಚಿ ಬೀಳುತ್ತದೆ.

ಬಂದವರು ಯಾರು ಅಂತ ತಿಳಿಯುವ ವಿಷಯದಲ್ಲಿ ನನಗೆ ತುಂಬ ಗೌರವ ಇರೋದು ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಬಗ್ಗೆ. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿದ್ದ ನರ್ಸ್. ಗಂಡ ಆಲ್ಬರ್ಟ್ ಜೊತೆ ಸೇರಿ 1966ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು, 1969ರ ಡಿಸೆಂಬರ್‌ನಲ್ಲಿ ಸಿಕ್ಕಿತು. ಬಾಗಿಲಿನ ಕಿಂಡಿಗಳ ಹಿಂದೆ ಮೇಲೆ ಕೆಳಗೆ ಸರಿಯುವ ಕ್ಯಾಮೆರಾ, ಒಳಗೆ ಟಿವಿ, ಮಾತಾಡಲು ಮೈಕು, ದೂರದಿಂದಲೇ ಬಾಗಿಲು ತೆಗೆಯುವ ಗುಂಡಿ, ಸಹಾಯಕ್ಕೆ ಕರೆಯಲು ಇನ್ನೊಂದು. ಬಂದವರು ಯಾರು ಅಂತ ಒಳಗಿದ್ದುಕೊಂಡೇ ತಿಳಿಯಬೇಕು ಅನ್ನೋದೇ ಅವರ ಆಸೆ. ಅವರ ವ್ಯವಸ್ಥೆಯಲ್ಲಿ ಟಿವಿ ಮುಂದೆ ಮನುಷ್ಯ ಕೂರಬೇಕಿತ್ತು. ಈಗ ಆ ಕೆಲಸವನ್ನು ಮನೆಯ ಮೂಲೆಯ ಹಳೇ ಪಿಸಿ ಮಾಡುತ್ತದೆ. ನನ್ನ ಪ್ರಕಾರ ನಿಜವಾದ ಬದಲಾವಣೆ ಇದೇ. ಮೊಬೈಲಲ್ಲಿ ವಿಡಿಯೋ ನೋಡೋದು ಅದರ ಮುಂದೆ ಸಣ್ಣ ವಿಷಯ.

ಸರಿ, ಜೇಡಕ್ಕೆ ಬರೋಣ.

ಬುಲೆಟ್ ಕ್ಯಾಮೆರಾದ ಮುಖದಲ್ಲಿ ಲೆನ್ಸ್ ಸುತ್ತಲೇ ಐಆರ್ ಎಲ್ಇಡಿ, ಅಂದರೆ ಕತ್ತಲಲ್ಲಿ ಕ್ಯಾಮೆರಾಗೆ ಕಾಣಲು ಇನ್‌ಫ್ರಾರೆಡ್ ಬೆಳಕು ಬೀರುವ ದೀಪಗಳು. ಬೆಚ್ಚಗಿರುತ್ತದೆ, ಹುಳ ಬರುತ್ತವೆ, ಮಳೆ ತಾಗದ ಜಾಗ. ಜೇಡಕ್ಕೆ ಇನ್ನೇನು ಬೇಕು? ಬಲೆ ಕಟ್ಟುತ್ತದೆ. ಗಾಳಿಗೆ ಬಲೆ ಆಡುತ್ತದೆ. ಫ್ರಿಗೇಟ್ ಮೊದಲು ಪಿಕ್ಸೆಲ್ ಬದಲಾವಣೆ ನೋಡಿ, ಆ ಭಾಗವನ್ನು ಕತ್ತರಿಸಿ ವಸ್ತು ಗುರುತಿಸುವ ಎಐ ಮಾಡೆಲ್‌ಗೆ ಕೊಡುತ್ತದೆ. ಮಾಡೆಲ್ ಕಲಿತದ್ದು ಕೋಕೋ ಚಿತ್ರಸಂಗ್ರಹದ 80 ಬಗೆಯ ವಸ್ತುಗಳನ್ನು. ಆ ಪಟ್ಟಿಯಲ್ಲಿ ಜೇಡವೇ ಇಲ್ಲ! ಗೊತ್ತಿರುವುದರಲ್ಲೇ ಒಂದು ಹೆಸರು ಹೇಳಬೇಕು. ಎಂಟು ಕಾಲು ಚಾಚಿ ಲೆನ್ಸ್ ಮುಂದೆ ಇಳಿಯುವ ಜೇಡ ಅದಕ್ಕೆ ಮನುಷ್ಯನ ಹಾಗೆ ಕಾಣುತ್ತದೆ. ಸೈರನ್ ಕೂಗುತ್ತದೆ.

"ತಮಾ, ಇದು ರಾತ್ರಿಯಿಡೀ ಕೂಗ್ತು, ಯಂಗೆ ನಿದ್ರೆ ಇಲ್ಲೆ" ಅಂತ ಆಯಿ ಫೋನ್ ಮಾಡಿದರು. ಅಪ್ಪಯ್ಯ ಮಾತಿಗೂ ಕಾಯದೆ ಸೈರನ್‌ನ ವೈರ್ ಕಿತ್ತಿಟ್ಟಿದ್ದರು. ಅವರು ಮಾಡಿದ್ದು ಸರಿ. ಸುಮ್ಸುಮ್ನೆ ಕೂಗುವ ಅಲಾರಂ ಯಾವ ಮನೆಯಲ್ಲೂ ಉಳಿಯಲ್ಲ.

ಸಾಫ್ಟ್‌ವೇರಿನಲ್ಲಿ ಮಾಡಬಹುದಾದ್ದೆಲ್ಲ ಮಾಡಿದೆ. ಆ ಭಾಗವನ್ನೇ ನೋಡಬೇಡ ಅಂತ ಮಾಸ್ಕ್ ಹಾಕೋಣ ಅಂದರೆ ಬಲೆ ಚಿತ್ರದ ನಡುಮಧ್ಯದಲ್ಲೇ ಇದೆ. ಮನುಷ್ಯ ಅಂತ ಒಪ್ಪಲು ಬೇಕಾದ ಖಾತ್ರಿಯ ಮಟ್ಟ (ಥ್ರೆಶೋಲ್ಡ್) 0.7 ಇದ್ದದ್ದನ್ನು 0.85ಕ್ಕೆ ಏರಿಸಿದೆ. ದೂರದ ಗೇಟಿನ ಹತ್ತಿರ ನಿಜವಾದ ಮನುಷ್ಯರೇ ತಪ್ಪಿಹೋಗತೊಡಗಿದರು. ತೀರಾ ದೊಡ್ಡದಾಗಿ ಕಂಡದ್ದನ್ನು ಬಿಟ್ಟುಬಿಡುವ ಗರಿಷ್ಠ ಗಾತ್ರದ ಫಿಲ್ಟರ್ ಹಾಕಿದಾಗ ಜೇಡದ ಅಲಾರಂ ನಿಂತಿತು. ಆದರೆ ರೆಕಾರ್ಡಿಂಗ್ ನೋಡಿದರೆ ಹೊಟ್ಟೆ ತೊಳಸಿತು. ಅಂಗಳ ಕಾಣುತ್ತಲೇ ಇಲ್ಲ! ಬಲೆಯ ಎಳೆ ಬೆಳ್ಳಗೆ ಉರಿಯುತ್ತಿದೆ, ಹಿಂದೆ ಪೂರ್ತಿ ಕತ್ತಲೆ.

ಲೆಕ್ಕ ಹಾಕಿ ನೋಡಿ. ಬಲೆ ಎಲ್ಇಡಿಯಿಂದ 5 ಸೆಂಟಿಮೀಟರ್ ದೂರದಲ್ಲಿದೆ, ಮನುಷ್ಯ 10 ಮೀಟರ್ ದೂರದಲ್ಲಿ. ದೂರ 200 ಪಟ್ಟು. ಬೆಳಕು ದೂರದ ವರ್ಗಕ್ಕೆ ತಕ್ಕ ಹಾಗೆ ಕಡಿಮೆಯಾಗುತ್ತದೆ. ಅಂದರೆ ಬಲೆಯ ಮೇಲೆ ಬೀಳುವ ಬೆಳಕು ಸುಮಾರು 40,000 ಪಟ್ಟು ಜಾಸ್ತಿ. ಕ್ಯಾಮೆರಾ ಅದನ್ನು ನೋಡಿ ಎಕ್ಸ್‌ಪೋಶರ್ ಇಳಿಸಿ ಇಡೀ ಚಿತ್ರವನ್ನೇ ಕಪ್ಪಾಗಿಸುತ್ತದೆ. ಹಿಂದೆ ಯಾರು ಅಡಿಕೆ ತುಂಬಿಕೊಂಡು ಹೋದರೂ ಅದಕ್ಕೆ ಕಾಣಲ್ಲ. ಸುಳ್ಳು ಅಲಾರಂಗಿಂತ ನನಗೆ ಹೆದರಿಕೆ ಆದದ್ದು ಇದಕ್ಕೆ.

ಆಯಿ ಪೊರಕೆಯಿಂದ ಬಲೆ ತೆಗೆದರೆ ಮರುದಿನ ಮತ್ತೆ ಹಾಜರು. ಬೇವಿನೆಣ್ಣೆ ಸವರಿದೆವು, ಇಬ್ಬನಿಗೆ ತೊಳೆದು ಹೋಯಿತು.

ದಾರಿ ಹೊಳೆದದ್ದು ಆಗುಂಬೆ ಘಾಟಿಯಲ್ಲಿ. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಎದುರು ಬಿಳಿ ಗೋಡೆ ಅಲ್ವಾ? ಬೆಳಕು ಕಣ್ಣಿನ ಪಕ್ಕದಿಂದಲೇ ಹೊರಟರೆ ಹತ್ತಿರದ್ದೇ ಹೊಳೆಯುತ್ತದೆ. ಹಾಗಾದರೆ ಕ್ಯಾಮೆರಾದ ಐಆರ್ ಆರಿಸಿ, ಬೇರೆ ಇಲ್ಯುಮಿನೇಟರನ್ನು (ಬಿಡಿಯಾಗಿ ಸಿಗುವ ಐಆರ್ ದೀಪ) ದೂರದ ಕಂಬಕ್ಕೆ ಕಟ್ಟಬೇಕು.

ಹೇಳಲು ಸುಲಭ. ಈ ಕ್ಯಾಮೆರಾದಲ್ಲಿ ಐಆರ್ ಆಫ್ ಮಾಡಿದರೆ ಫರ್ಮ್‌ವೇರ್ (ಕ್ಯಾಮೆರಾದೊಳಗಿನ ಸಾಫ್ಟ್‌ವೇರ್) ಹಗಲಿನ ಮೋಡ್‌ಗೆ ಹೋಗುತ್ತದೆ. ಕಟಕ್ ಅಂತ ಇನ್‌ಫ್ರಾರೆಡ್ ಬೆಳಕು ತಡೆಯುವ ಐಆರ್ ಕಟ್ ಫಿಲ್ಟರ್ ಸೆನ್ಸರ್ ಮುಂದೆ ಬರುತ್ತದೆ. ಹೊರಗಿನ ಇಲ್ಯುಮಿನೇಟರ್ ಎಷ್ಟು ಉರಿದರೂ ಚಿತ್ರ ಕಪ್ಪು. ಎಲ್ಇಡಿಗೆ ಕಪ್ಪು ಟೇಪ್ ಅಂಟಿಸಿದರೆ ಗಾಜಿನೊಳಗೇ ಬೆಳಕು ಚದುರಿ ಚಿತ್ರ ಮಬ್ಬು. ಸ್ಕ್ರೂ ಬಿಚ್ಚಿ ಎಲ್ಇಡಿ ಬೋರ್ಡಿನ ಕನೆಕ್ಟರ್ ಕಿತ್ತರೆ ಇನ್ನೊಂದು ತಲೆನೋವು. ಕತ್ತಲಾಯಿತು ಅಂತ ತಿಳಿಸುವ ಎಲ್‌ಡಿಆರ್ ಕೂಡ ಅದೇ ಬೋರ್ಡಿನಲ್ಲಿದೆ! ಕ್ಯಾಮೆರಾಗೆ ರಾತ್ರಿಯಾದದ್ದೇ ಗೊತ್ತಾಗಲ್ಲ.

ಕೊನೆಗೆ ಗೆದ್ದದ್ದು ಹೀಗೆ. ಬೋರ್ಡು ಕಿತ್ತೇ ಇಟ್ಟೆ. ಹಗಲು ರಾತ್ರಿಯ ಮೋಡ್ ಬದಲಿಸುವ ಕೆಲಸ ಹೋಮ್ ಅಸಿಸ್ಟೆಂಟಿಗೆ ಕೊಟ್ಟೆ. ಸೂರ್ಯ ಮುಳುಗಿದಾಗ ಅದು ಕ್ಯಾಮೆರಾಗೆ ಒಂದು ಎಚ್‌ಟಿಟಿಪಿ ಕಮಾಂಡ್ ಕಳಿಸುತ್ತದೆ, ಅದೇ ಹೊತ್ತಿಗೆ ರಿಲೇ ಮೂಲಕ ಇಲ್ಯುಮಿನೇಟರ್ ಹಚ್ಚುತ್ತದೆ. ಕರೆಂಟ್ ಹೋಗಿ ಬಂದರೆ ಕ್ಯಾಮೆರಾ ಮೋಡ್ ಮರೆಯುತ್ತದೆ. ಅದಕ್ಕೇ ಕ್ಯಾಮೆರಾ ಮತ್ತೆ ಆನ್‌ಲೈನ್ ಬಂದಾಗಲೂ ಅದೇ ಕಮಾಂಡ್ ಹೋಗುವಂತೆ ಆಟೊಮೇಷನ್ ಬರೆದಿದ್ದೇನೆ. ಮುಚ್ಚುವಾಗ ಗ್ಯಾಸ್ಕೆಟ್ ಸರಿಯಾಗಿ ಕೂರಿಸಿ, ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಲೆನಾಡಿನ ಥಂಡಿಗೆ ಅದು ಬೇಕೇ ಬೇಕು.

ಇಲ್ಯುಮಿನೇಟರ್ ತರಿಸಿದ್ದರ ಕಥೆ ಕೇಳಿದರೆ ಸಿಟ್ಟು ಬರುತ್ತದೆ. ಆರ್ಡರ್ ಮಾಡಿದ್ದು 850 ನ್ಯಾನೊಮೀಟರ್ ತರಂಗಾಂತರದ್ದು; ಅದು ಉರಿಯುವಾಗ ಮಂದವಾಗಿ ಕೆಂಪು ಕಾಣಬೇಕು. ಡಬ್ಬದ ಮೇಲೂ 850 ಅಂತಲೇ ಇದೆ. ಹಚ್ಚಿದರೆ ಕೆಂಪು ಮಿಣುಕೇ ಇಲ್ಲ. ಫೋನ್ ಕ್ಯಾಮೆರಾದಲ್ಲಿ ಮಾತ್ರ ಕಾಣುತ್ತಿದೆ. ಅಂದರೆ 940. ಸೆನ್ಸರ್‌ಗಳಿಗೆ 940 ಅಷ್ಟಾಗಿ ಕಾಣಲ್ಲ, ಗೇಟಿನವರೆಗೆ ಬೆಳಕು ಮುಟ್ಟಲೇ ಇಲ್ಲ. ಮಾರಿದವರಿಗೆ ಫೋನ್ ಮಾಡಿದರೆ "ಎರಡೂ ಒಂದೇ ಸಾರ್" ಅಂದರು. ಹೇಗೆ ಒಂದೇ ಆಗುತ್ತೆ? ವಾಪಸ್ ಕಳಿಸುವ ಖರ್ಚೂ ನನ್ನದೇ ಅಂತೆ. ಕೊನೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌.ಪಿ. ರೋಡಿಗೆ ಹೋಗಿ, ಅಂಗಡಿಯಲ್ಲೇ 12 ವೋಲ್ಟ್ ಕೊಟ್ಟು, ಕೈ ಅಡ್ಡ ಹಿಡಿದು ಕೆಂಪು ಮಿಣುಕು ನೋಡಿ ತಂದೆ. ನೀವೂ ಹೀಗೇ ಮಾಡಿ. ಉರಿಯುತ್ತಿರುವಾಗ ತೀರಾ ಹತ್ತಿರದಿಂದ ದಿಟ್ಟಿಸಿ ನೋಡಬೇಡಿ ಅಷ್ಟೆ.

ಈಗ ಜೇಡ ಇಲ್ಯುಮಿನೇಟರ್ ಗಾಜಿಗೆ ಬಲೆ ಕಟ್ಟುತ್ತಿದೆ. ಕಟ್ಟಲಿ ಬಿಡಿ. ಅಲ್ಲಿ ಲೆನ್ಸ್ ಇಲ್ಲ. ಡಿಸೆಂಬರ್ ಮಂಜಿನಲ್ಲೂ ಚಿತ್ರ ಮೊದಲಿಗಿಂತ ಎಷ್ಟೋ ಸ್ಪಷ್ಟ. ಅಪ್ಪಯ್ಯ ತಾವೇ ಸೈರನ್‌ ವೈರ್ ಜೋಡಿಸಿದ್ದಾರೆ.

ಕ್ಯಾಮೆರಾಗಳಿಗೆ ನಾನು ಇಂಟರ್ನೆಟ್ ಕೊಟ್ಟಿಲ್ಲ. 2016ರಲ್ಲಿ ಮಿರಾಯ್ ಬಾಟ್‌ನೆಟ್ (ಸಾಧನಗಳನ್ನು ವಶ ಮಾಡಿಕೊಂಡು ದಾಳಿಗೆ ಬಳಸುವ ಜಾಲ) ಹಬ್ಬಿದ್ದು ಹೆಚ್ಚಾಗಿ ಡಿಫಾಲ್ಟ್ ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳಂಥ ಸಾಧನಗಳ ಮೂಲಕ. ನಮ್ಮಲ್ಲೂ 2025ರ ಏಪ್ರಿಲ್‌ನಿಂದ ಸಿಸಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆ ಕಡ್ಡಾಯ ಆಗಿರುವುದು ಒಳ್ಳೆಯದೇ. ಆದರೂ ರೌಟರ್‌ನಲ್ಲೇ ತಡೆದು, ಹೊರಗಿನಿಂದ ನೋಡಲು ವೈರ್‌ಗಾರ್ಡ್ ಅನ್ನೋ ವಿಪಿಎನ್ ಬಳಸಿ.

ಮುಂದಿನ ಪ್ರಾಜೆಕ್ಟ್ ತಲೆಯಲ್ಲಿ ಕುಣಿಯುತ್ತಿದೆ: ಮಂಗ! ಕೋಕೋ ಪಟ್ಟಿಯಲ್ಲಿ ಆನೆ, ಕರಡಿ, ಜಿರಾಫೆ ಎಲ್ಲ ಇವೆ. ಮಂಗ ಇಲ್ಲ, ಕಾಡುಹಂದಿ ಇಲ್ಲ. ನಮ್ಮ ತೋಟಕ್ಕೆ ಜಿರಾಫೆ ಯಾವತ್ತು ಬರಬೇಕು? 2019ರಲ್ಲಿ ತೀರ್ಥಹಳ್ಳಿ ಕಡೆಯ ರೈತರೊಬ್ಬರು ಮಂಗ ಓಡಿಸಲು ನಾಯಿಗೆ ಹುಲಿಪಟ್ಟೆ ಬಳಿದದ್ದು ಸುದ್ದಿಯಾಗಿತ್ತು. ಈ ಮಾಡೆಲ್‌ಗೆ ಹುಲಿಯೂ ಗೊತ್ತಿಲ್ಲ. ಆ ನಾಯಿಯನ್ನು ನೋಡಿದ್ದರೆ ಜೀಬ್ರಾ ಅಂದುಬಿಡುತ್ತಿತ್ತೇನೋ! ತೋಟದ ಕ್ಯಾಮೆರಾದಿಂದ ಮಂಗಗಳ ಚಿತ್ರ ಕೂಡಿಡುತ್ತಿದ್ದೇನೆ. ಸಾಕಷ್ಟಾದ ಮೇಲೆ ಲೇಬಲ್ ಮಾಡಿ ಯೋಲೋ ಅನ್ನೋ ಇನ್ನೊಂದು ಮಾಡೆಲ್‌ಗೆ ಕಲಿಸಬೇಕು.

ಅದಕ್ಕೂ ಮುಂಚೆ ಸಿಡಿಲಿನ ಕೆಲಸ ಇದೆ. ತಾಮ್ರದ ಕೇಬಲಿನಲ್ಲಿ ಸಿಡಿಲಿನ ವಿದ್ಯುತ್ ಹರಿದು ಬರುತ್ತದೆ, ಫೈಬರಿನಲ್ಲಿ ವಿದ್ಯುತ್ ಹರಿಯಲ್ಲ. ಗೇಟಿನವರೆಗೆ ಹೋಗಿರುವ ಉದ್ದನೆಯ ಲ್ಯಾನ್ ಕೇಬಲ್ ಏಪ್ರಿಲ್ ಗುಡುಗು ಶುರುವಾಗುವುದರೊಳಗೆ ಹೊರಗೆ ಬರಬೇಕು. ಆ ಜಾಗಕ್ಕೆ ಫೈಬರ್, ಎರಡೂ ತುದಿಗೆ ಫೈಬರನ್ನು ಲ್ಯಾನ್‌ಗೆ ಜೋಡಿಸುವ ಮೀಡಿಯಾ ಕನ್ವರ್ಟರ್. ಗೇಟಿನ ಕ್ಯಾಮೆರಾಗೆ ಅಲ್ಲೇ ಒಂದು ಸಣ್ಣ ಸೋಲಾರ್, ಬ್ಯಾಟರಿ. ಫೈಬರ್ ಬಂದಾಗಿದೆ. ಕನ್ವರ್ಟರ್‌ಗಳಲ್ಲಿ ಒಂದು ಸಿಂಗಲ್ ಮೋಡ್, ಇನ್ನೊಂದು ಮಲ್ಟಿ ಮೋಡ್ ಕಳಿಸಿದ್ದಾರೆ, ಒಂದಕ್ಕೊಂದು ಹೊಂದಲ್ಲ. ನಾಳೆ ಮತ್ತೆ ಫೋನ್ ಹಚ್ಚಬೇಕು.